ಮುದ್ದೆ ಪಾತ್ರೆಯ ತಪಾಸಣೆ

ಖಾಲಿ ಮುದ್ದೆ ಪಾತ್ರೆಯೊಂದನ್ನು ಬಟ್ಟೆ ಚೀಲದಲ್ಲಿಟ್ಟುಕೊಂಡು ಮೆಟ್ರೋ ಹತ್ತಿದವರು ಎಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ. ನಾನಂತೂ ಹತ್ತಿದ್ದೇನೆ. ದಾಸರಹಳ್ಳಿ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುವಾಕೆ ಒಳಗೆ ಇಣುಕಿ, ಊಟ ಎಲ್ಲಿ ಎಂಬಂತೆ ನನ್ನನ್ನು ನೋಡಿದರು. ಊಟವಿಲ್ಲ, ಅಳತೆಗೆ ಒಯ್ಯುತ್ತಿದ್ದೇನೆ ಎಂದೆ. ಆಕೆ ಮುಂದೆ ಏನೂ ಕೇಳಲಿಲ್ಲ. ಕೆಲವರೊಡನೆ ಹೆಚ್ಚು ಮಾತಾಡಬಾರದು ಎಂಬುದು ಅವರ ತರಬೇತಿಯಲ್ಲೇ ಇರಬೇಕು.

ನಾನು ಹೋಗುತ್ತಿದ್ದದ್ದು ಪಾತ್ರೆ ತೊಳೆಯುವ ಯಂತ್ರ ಕೊಳ್ಳಲು. ಸೋಪಿನ ನೀರಿಗೆ ಅಮ್ಮನ ಬೆರಳುಗಳ ಚರ್ಮ ಒಡೆದು, ಹೆಬ್ಬೆರಳಿನಲ್ಲಿ ರಕ್ತ ಜಿನುಗುತ್ತಿತ್ತು. ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟು, ಎರಡು ತಿಂಗಳು ಸೋಪು ಮುಟ್ಟಿಸಬೇಡಿ, ಮುಟ್ಟಿದರೆ ಮುಲಾಮು ದಂಡ ಎಂದಿದ್ದರು. ರಬ್ಬರ್ ಕೈಗವಸು ತಂದುಕೊಟ್ಟೆ. ಅಮ್ಮ ಅದನ್ನೇ ತೊಳೆದು ಒಣಹಾಕಿದಳು. ಜಿಡ್ಡು ಹೋಯಿತೋ ಇಲ್ಲವೋ ಬೆರಳಿಗೇ ತಿಳಿಯಬೇಕಂತೆ. ಸರಿ, ನಾನೂ ಅಪ್ಪನೂ ಸರದಿಯ ಮೇಲೆ ತೊಳೆದೆವು. ನಾವು ತೊಳೆದದ್ದನ್ನು ಅವಳು ಬೆಳಕಿಗೆ ಹಿಡಿದು ನೋಡಿ ಮತ್ತೆ ತೊಳೆದಳು. ನಾಲ್ಕು ದಿನ ಹೀಗೆ ನಡೆದದ್ದು ನನ್ನ ದಿನಚರಿಯಲ್ಲಿದೆ.

ದಿನಚರಿ ನನ್ನ ಚಟ. ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಗುಣಮಟ್ಟ ನೋಡುವವಳು. ಇಡೀ ದಿನ ಬಿಡಿಭಾಗಗಳಿಗೆ ಸರಿ, ತಪ್ಪು ಎಂದು ಗುರುತು ಹಾಕಿ ಬಂದ ಕೈ ಮನೆಯಲ್ಲೂ ಸುಮ್ಮನಿರುವುದಿಲ್ಲ. ಎಣ್ಣೆ ಡಬ್ಬದ ಮೇಲೆ, ಹಲ್ಲುಜ್ಜುವ ಬ್ರಶ್ಶಿನ ಹಿಡಿಯ ಮೇಲೆ, ಪಾತ್ರೆ ಸೋಪಿನ ಹೊದಿಕೆಯ ಮೇಲೆ, ಎಲ್ಲೆಲ್ಲೂ ಬಳಸಲು ತೆಗೆದ ತಾರೀಖು ಬರೆದಿಡುತ್ತೇನೆ. ಸದ್ಯ, ಅಪ್ಪನ ಮೇಲೆ ಬರೆದಿಲ್ಲ.

ಅಂಗಡಿಯಲ್ಲಿ ಯಂತ್ರಗಳನ್ನು ಅಳೆಯುವ ರೀತಿಯೇ ವಿಚಿತ್ರ. ಇದು ಹನ್ನೆರಡು ಜನರ ಊಟಕ್ಕೆ, ಅದು ಹದಿನಾಲ್ಕು ಜನಕ್ಕೆ ಎನ್ನುತ್ತಾರೆ. ಕೈಪಿಡಿಯ ಚಿತ್ರದಲ್ಲಿ ಆ ಹನ್ನೆರಡು ಜನ ಫೋರ್ಕು, ಚಾಕು, ಉದ್ದ ಕಾಲಿನ ಲೋಟ ಹಿಡಿದು ಉಂಡೆದ್ದಿದ್ದರು. ನಾವು ಮೂವರು. ಫೋರ್ಕು ಒಂದೂ ಇಲ್ಲ. ಆದರೆ ಹಿಟ್ಟಿನ ಪಾತ್ರೆ, ಸಾರಿನ ಪಾತ್ರೆ, ಕುಕ್ಕರು, ಹಾಲಿನದು, ಮೊಸರಿನದು ಎಂದು ಸಾಲು ಹಿಡಿದರೆ ನಾವೇ ಇಪ್ಪತ್ತು ಜನರಿಗೆ ಸಮ. ನಾನು ಚೀಲದಿಂದ ಪಾತ್ರೆ ತೆಗೆದು ಕೆಳಗಿನ ಜಾಲರಿಯಲ್ಲಿ ಇಟ್ಟೆ. ನೀರು ಚಿಮ್ಮುವ ರೆಕ್ಕೆಯನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿದೆ. ಎರಡು ಯಂತ್ರಗಳಲ್ಲಿ ಅದು ಪಾತ್ರೆಗೆ ಬಡಿಯಿತು, ಮೂರನೆಯದರಲ್ಲಿ ಸಲೀಸಾಗಿ ತಿರುಗಿತು.

“ಎಲ್ರೂ ಆಫರ್ ಕೇಳ್ತಾರೆ ಮೇಡಂ, ನೀವೊಬ್ರೇ ಪಾತ್ರೆ ತಂದಿರೋದು” ಎಂದ ಅಂಗಡಿಯಾತ, ಸ್ಟೀಲಾದ್ದರಿಂದ ಬಚಾವು, ಅಲ್ಯೂಮಿನಿಯಂ ಆಗಿದ್ದರೆ ಕಪ್ಪಾಗುತ್ತಿತ್ತು ಎಂದು ಗೌರವದಿಂದಲೇ ತಿಳಿಸಿದ. ಕಬ್ಬಿಣದ ಕಾವಲಿ, ಮರದ ಮುದ್ದೆ ಕೋಲು ಒಳಗೆ ಹೋಗಬಾರದು ಎಂಬುದನ್ನೂ ಬರೆದುಕೊಂಡೆ.

ಚಿಕ್ಕಬಾಣಾವರದ ನಮ್ಮ ಮನೆಯದು ಬೋರ್‌ವೆಲ್ ನೀರು, ಬಕೆಟ್ಟಿನ ಅಂಚಿಗೆ ಬಿಳಿ ಗೆರೆ ಎಳೆಯುವ ಜಾತಿಯದು. ಯಂತ್ರ ಜೋಡಿಸಲು ಬಂದವರು ನೀರಿನಲ್ಲಿ ಕಾಗದದ ಪಟ್ಟಿ ಅದ್ದಿ ಗಡಸು ನೋಡಿ, ಯಂತ್ರದ ಹೊಟ್ಟೆಗೆ ಒಂದು ಕಿಲೋ ದಪ್ಪ ಉಪ್ಪು ಸುರಿದರು. ಅದು ನೀರನ್ನು ಮೆದು ಮಾಡುತ್ತದಂತೆ. ಯಂತ್ರವೂ ಉಪ್ಪು ತಿನ್ನುತ್ತದೆ ಎಂದು ತಿಳಿದ ಮೇಲೆ ಅಮ್ಮನಿಗೆ ಅದರ ಮೇಲೆ ಸ್ವಲ್ಪ ವಿಶ್ವಾಸ ಬಂದಂತೆ ಕಂಡಿತು.

ಮೊದಲ ದಿನ ಮೂವತ್ತೊಂದು ಪಾತ್ರೆ. ಮೂವತ್ತಕ್ಕೆ ಸರಿ ಗುರುತು, ಮುದ್ದೆ ಪಾತ್ರೆಗೆ ತಪ್ಪು. ತಳಕ್ಕೆ ಹಿಡಿದ ಹಿಟ್ಟು ಹಾಗೇ ಕೂತಿತ್ತು. ಅಷ್ಟು ದೂರ ಹೊತ್ತು ತಿರುಗಿದ ಪಾತ್ರೆಯೇ ಹೀಗೆ ಮಾಡಿತಲ್ಲ ಎಂದು ನನಗೆ ಆ ಸಂಜೆಯ ಕಾಫಿ ಸೇರಲಿಲ್ಲ.

ಮರುದಿನ ಕೆಲಸದಲ್ಲಿ ಶಂಕ್ರವ್ವನಿಗೆ ಹೇಳಿಕೊಂಡೆ. ರಾಯಚೂರು ಕಡೆಯ ಈಕೆ ನಮ್ಮಲ್ಲಿ ಎಣ್ಣೆ ಮೆತ್ತಿದ ಬಿಡಿಭಾಗಗಳನ್ನು ದೊಡ್ಡ ತೊಳೆಯುವ ಯಂತ್ರಕ್ಕೆ ಜೋಡಿಸುವವರು. ಅವರು ಜೋಡಿಸಿದ ಬುಟ್ಟಿಗೆ ನಾನು ತಪ್ಪು ಗುರುತು ಹಾಕಿದ್ದು ಇಲ್ಲವೇ ಇಲ್ಲ.

“ನೀರಿಗಿ ಮಾರಿ ತೋರಸ್ಬೇಕ್ರೀ ಮೇಡಂ. ಬೆನ್ನು ತೋರ್ಸಿ ಕುಂತ್ರ ಅದೇನ್ ತೊಳೀತೈತಿ?” ಎಂದರು.

ನಾನು ಪಾತ್ರೆಯನ್ನು ಬೆನ್ನು ಮೇಲಾಗಿಯೇನೋ ಇಟ್ಟಿದ್ದೆ, ಆದರೆ ಕೆಳಗಿನಿಂದ ಚಿಮ್ಮುವ ನೀರಿಗೂ ಅದರ ಬಾಯಿಗೂ ಅಡ್ಡವಾಗಿ ತಟ್ಟೆಯೊಂದು ನಿಂತಿತ್ತು. ಫೋನ್ ಮಾಡಿ ಅಮ್ಮನಿಗೆ ಪಾಠ ಒಪ್ಪಿಸಿದೆ. ಸಂಜೆ ಬಂದು ಬಾಗಿಲು ತೆರೆದರೆ ಪಾತ್ರೆ ಥಳಥಳ. ಅಂದಿನಿಂದ ದಿನವೂ ಥಳಥಳ. ನನ್ನ ಪುಸ್ತಕದಲ್ಲಿ ತಪ್ಪು ಗುರುತೇ ಇಲ್ಲದೆ ನಾಲ್ಕು ವಾರ ಕಳೆಯಿತು. ಮೆಟ್ರೋದಲ್ಲಿ ಪಕ್ಕ ಕೂತವರಿಗೆಲ್ಲ ಜಾಲರಿ ಜೋಡಿಸುವುದನ್ನು ಹೇಳಿಕೊಡಬೇಕೆನಿಸುವಷ್ಟು ಜ್ಞಾನ ನನ್ನಲ್ಲಿ ಉಕ್ಕುತ್ತಿತ್ತು.

ಅಮ್ಮನ ಬೆರಳು ಮಾತ್ರ ಹಾಗೇ ಇತ್ತು. ಮುಲಾಮಿನ ಎರಡನೇ ಟ್ಯೂಬು ಮುಗಿಯುತ್ತ ಬಂದರೂ ಹೆಬ್ಬೆರಳಿನ ಬಿರುಕು ಕೂಡಲಿಲ್ಲ. ಮುಲಾಮನ್ನು ದೂರಿದೆ, ಡಾಕ್ಟರನ್ನು ದೂರಿದೆ. ಐದನೇ ವಾರದ ಭಾನುವಾರ ಸಿಂಕಿನ ಕೆಳಗೆ ಗುಡಿಸುವಾಗ ಸೋಪಿನ ಹೊದಿಕೆಗಳು ಸಿಕ್ಕವು. ಯಂತ್ರ ಬರುವ ಮೊದಲು ನಮ್ಮ ಮನೆಯಲ್ಲಿ ಒಂದು ಸೋಪು ಹನ್ನೊಂದು ದಿನ ಬಾಳುತ್ತಿತ್ತು. ಈಗ ಕಾವಲಿ ಬಾಣಲೆಗಳನ್ನು ತಿಕ್ಕುವುದು ಅಪ್ಪ. ಅಷ್ಟಕ್ಕೆ ಒಂದು ಸೋಪು ತಿಂಗಳು ದಾಟಬೇಕು. ಹೊದಿಕೆಗಳ ಮೇಲೆ ನನ್ನದೇ ಅಕ್ಷರದ ತಾರೀಖುಗಳಿದ್ದವು: ಯಂತ್ರ ಬಂದ ಮೇಲೂ ಒಂದೊಂದು ಸೋಪು ಬಾಳಿದ್ದು ಹನ್ನೊಂದು, ಹತ್ತು, ಹನ್ನೊಂದು ದಿನ.

ಅಮ್ಮನ ಮುಂದೆ ಅವನ್ನು ಇಟ್ಟೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ಎಲ್ಲವನ್ನೂ ಮೊದಲು ಕೈಯಲ್ಲಿ ತೊಳೆದೇ ಯಂತ್ರಕ್ಕೆ ಇಡುತ್ತಿದ್ದೆ ಎಂದು ನಿಧಾನಕ್ಕೆ ಒಪ್ಪಿಕೊಂಡಳು. ಯಾಕೆ ಎಂದು ಕೇಳಿದೆ.

“ಮೊದಲ್ನೇ ದಿನ ತಪ್ಪು ಅಂತ ಗುರ್ತು ಆಕ್ದಲ್ಲ, ಆಗ ನಿನ್ ಮಕ ನೋಡ್ದೆ ಕಣಮ್ಮ. ಅಷ್ಟು ಆಸೆಪಟ್ಟು ತಂದಿದ್ದೀಯ. ದಿನಾ ಅಂಗೇ ಆದ್ರೆ ಏನ್ ಚೆಂದ? ಅದ್ಕೇ ಇಂಗ್ ಮಾಡ್ದೆ.”

ಕಾರ್ಖಾನೆಯಲ್ಲಿ ತಪಾಸಣೆಗೆ ಹೊರಗಿನವರು ಬರುವ ದಿನ ಕೆಲವರು ಬಿಡಿಭಾಗಗಳನ್ನು ಬಟ್ಟೆಯಲ್ಲಿ ಗುಟ್ಟಾಗಿ ಒರೆಸಿ ಇಡುವುದುಂಟು. ಅಂಥವರನ್ನು ಹಿಡಿಯುವುದರಲ್ಲಿ ನನಗೆ ಹೆಸರಿದೆ. ಅವರು ಯಾರ ಮುಖ ನೋಡಿ ಹಾಗೆ ಮಾಡುತ್ತಾರೆ ಎಂದು ಇಷ್ಟು ವರ್ಷ ಯೋಚಿಸಿರಲಿಲ್ಲ.

ಸೋಮವಾರ ರಜೆ ಹಾಕಿದೆ. ಊಟವಾದ ಮೇಲೆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಎಂಜಲನ್ನು ಮಾತ್ರ ಬಳಿದು ತೆಗೆದು, ಎಲ್ಲವನ್ನೂ ನೀರಿಗೆ ಮುಖ ಮಾಡಿ ಜೋಡಿಸಿದೆ. ಮುದ್ದೆ ಪಾತ್ರೆ ಮತ್ತೆ ಹಿಟ್ಟು ಕಚ್ಚಿಕೊಂಡೇ ಹೊರಬಂತು. ಇಬ್ಬರೂ ಅದರ ತಳಕ್ಕೆ ಬಗ್ಗಿ ನೋಡಿದೆವು. ಈ ಸಲ ನನ್ನ ಮುಖವನ್ನು ನೆಟ್ಟಗೆ ಇಟ್ಟುಕೊಳ್ಳುವುದೇ ದೊಡ್ಡ ಕೆಲಸವಾಯಿತು. ಮಂಗಳವಾರ ಉಣ್ಣುವ ಮೊದಲೇ ಪಾತ್ರೆಗೆ ನೀರು ತುಂಬಿ ನೆನೆಯಲು ಬಿಟ್ಟು, ಹೆಚ್ಚು ಬಿಸಿನೀರಿನ ಗುಂಡಿ ಒತ್ತುವಂತೆ ಅಮ್ಮನಿಗೆ ಹೇಳಿ ಕೆಲಸಕ್ಕೆ ಹೋದೆ. ಸಂಜೆ ತೆರೆದರೆ ಅಂಚಿನಲ್ಲಿ ಒಂದು ಚೂರು ಉಳಿದಿತ್ತು. ಉಗುರಿನಿಂದ ಕೆರೆದರೆ ಹೋಯಿತು. ಇದಕ್ಕೆ ಸರಿಯೋ ತಪ್ಪೋ ಎಂದು ಅಮ್ಮ ಕೇಳಿದಳು. ಪಾತ್ರೆಗಳ ಲೆಕ್ಕ ನಿಲ್ಲಿಸಿದ್ದೇನೆ ಎಂದೆ.

ಆಮೇಲೆ ಹೆಬ್ಬೆರಳಿನ ಬಿರುಕು ಕೂಡಲು ಆರು ವಾರ ಹಿಡಿಯಿತು. ಮೊನ್ನೆ ಅಮ್ಮ ಅವರೆಕಾಯಿ ಬಿಡಿಸುವಾಗ ಕೈ ಹಿಡಿದು ತಿರುಗಿಸಿ ನೋಡಿದೆ. ಚರ್ಮ ನುಣ್ಣಗಿತ್ತು. ಅವಳು ಕೈ ಎಳೆದುಕೊಂಡು, “ಇದ್ನೂ ಬರ್ಕೋತೀಯೇನೆ?” ಎಂದಳು.

ಇಲ್ಲ ಎಂದೆ. ನಿಮಗೆ ಹೇಳಿದ್ದು ಬರೆದುಕೊಂಡ ಹಾಗಲ್ಲ ಎಂದು ನನ್ನ ನಂಬಿಕೆ.