ತೇವಕ್ಕೆ ಹೆದರುತ್ತಿದ್ದ ಮೇಷ್ಟ್ರು

ಅರವತ್ತರ ದಶಕದಲ್ಲಿ, ಯಶವಂತಪುರದ ಹತ್ತಿರದ ಲ್ಯಾಬಿನಲ್ಲಿ ನನಗೆ ಪಾಲಿಯೆಸ್ಟರ್ ಮಾಡಲು ಕಲಿಸಿದ ಮೇಷ್ಟ್ರು ಅವರು. ಉಂಗುರದಂಥ ಎಸ್ಟರ್ ಅಣುಗಳು ತವರದ ಕ್ಯಾಟಲಿಸ್ಟ್ ಸೋಕಿ ಬಿಚ್ಚಿಕೊಂಡು, ಒಂದಕ್ಕೊಂದು ಸೇರಿ ಉದ್ದನೆಯ ಸರಪಳಿಯಾಗಬೇಕು. ತೇವ ನುಗ್ಗಿದರೆ ಸರಪಳಿ ಬೆಳೆಯುವುದಿಲ್ಲ. ಫ್ಲಾಸ್ಕಿಗೆ ಬಿರಡೆ ಬಿಗಿದಿದ್ದರೂ ಅವರು ಮೂಗಿಗೆ ಕರ್ಚೀಫು ಹಿಡಿದೇ ಹತ್ತಿರ ಹೋಗುತ್ತಿದ್ದರು. "ಉಸಿರಲ್ಲೂ ನೀರಿದೆ ಕಣಯ್ಯಾ," ಎನ್ನುತ್ತಿದ್ದರು.

ಒಂದು ಮಳೆಯ ಮಧ್ಯಾಹ್ನ, ಅಮ್ಮನಿಗೆ ಕಾಯಿಲೆ ಜೋರಾಗಿದೆಯೆಂದು ಚಿಕ್ಕಬಾಣಾವರದಿಂದ ಸುದ್ದಿ ಬಂತು. ತಿಂಗಳುಗಟ್ಟಲೆ ಕೆಡುತ್ತಲೇ ಬಂದಿದ್ದ ಪ್ರಯೋಗದಲ್ಲಿ ಅಂದೇ ಮೊದಲ ಸಲ ಸರಪಳಿ ಬೆಳೆದು, ಫ್ಲಾಸ್ಕಿನ ದ್ರವ ಜೇನಿನಂತೆ ಮಂದವಾಗುತ್ತಿತ್ತು.

"ಇದು ಮುಗಿಸಿ ಹೋಗ್ತೀನಿ ಸಾರ್," ಎಂದೆ.

ಮೇಷ್ಟ್ರು ಕಿಟಕಿ ತೆರೆದರು. ಆಮೇಲೆ ಬಂದು ಫ್ಲಾಸ್ಕಿನ ಬಿರಡೆ ಎಳೆದರು.

"ಕೆಟ್ಟೋಯ್ತಲ್ಲಯ್ಯಾ. ಇನ್ನೇನಿದೆ ಇಲ್ಲಿ? ರೈಲು ಸಿಗುತ್ತೆ, ಓಡು."