ಗುಡ್ಡ ಹತ್ತದ ಗಾಡಿ

ಇವತ್ತೊಂದು ದಿನ ರೋಗಿಗಳನ್ನು ಗುಡ್ಡದ ದಾರಿಯಲ್ಲೇ ವಾಪಸ್ ಕರೆದೊಯ್ದರೆ? ಇಪ್ಪತ್ತು ನಿಮಿಷ ಮೊದಲೇ ಮನೆ ಸೇರಬಹುದು. ಆದರೆ ಆ ತಿರುವು, ಆ ಹೊಂಡಗಳಲ್ಲಿ ಯಾರಿಗೆ ನಿದ್ದೆ ಬಂದೀತು? ನಸುಕಿನಲ್ಲಿ ಆಸ್ಪತ್ರೆಯ ಅಂಗಳದಲ್ಲಿ ಗಾಡಿಯ ಗಾಜು ಒರೆಸುತ್ತಿರುವ ವಿತೊಮಿರ್‌ಗೆ ಇದೇ ಯೋಚನೆ.

ಕೊಲುಬಾರಾ ನದಿಯ ದಂಡೆಯ ಕೆಲವು ಹಳ್ಳಿಗಳಲ್ಲಿ ಕಿಡ್ನಿಯ ಕಾಯಿಲೆ ಅಜ್ಜಂದಿರ ಕಾಲದ್ದು. ಐವತ್ತೆಂಟರ ವಿತೊಮಿರ್ ವಾರಕ್ಕೆ ಮೂರು ದಿನ ಐವರನ್ನು ಡಯಾಲಿಸಿಸ್‌ಗೆ ಕರೆತಂದು, ನಾಲ್ಕು ಗಂಟೆ ಕಾದು, ಮನೆ ಮುಟ್ಟಿಸುತ್ತಾನೆ. ಹನ್ನೊಂದು ವರ್ಷವಾಯಿತು. ಹಿಂದೆ ಅವನ ತಾಯಿ ಇದೇ ಚಿಕಿತ್ಸೆಗೆ ಬಸ್ಸಿನಲ್ಲಿ ಓಡಾಡುತ್ತಿದ್ದಳು; ವಾಪಸ್ ಬಂದವಳು ಗೇಟಿನ ಬಳಿಯೇ ಕುಸಿದು ಕೂರುತ್ತಿದ್ದಳು.

"ಹಿಂಡಿ, ಒಣಗಿಹಾಕೋದು ಮರೆತ ಬಟ್ಟೆ ಥರ ಆಗ್ತೀವಿ," ಎನ್ನುತ್ತಾರೆ ಐವರಲ್ಲೊಬ್ಬರಾದ ನಿವೃತ್ತ ಗಣಿತ ಮೇಷ್ಟ್ರು ತಿಹೊಮಿರ್. "ದಾರೀಲಿ ಮುಕ್ಕಾಲು ಗಂಟೆ ನಿದ್ದೆ ಆದ್ರೆ ಮನುಷ್ಯರಾಗಿ ಇಳೀತೀವಿ."

ಬರುವಾಗ ಗುಡ್ಡದ ದಾರಿ, ಇಪ್ಪತ್ತೆರಡು ಕಿಲೋಮೀಟರ್, ಗಾಡಿ ತುಂಬ ಹಾಡು, ಜಗಳ. ಮರಳುವಾಗ ನದೀದಂಡೆಯ ನುಣುಪು ರಸ್ತೆ, ನಲವತ್ತು. ಯಾಕೆಂದು ಕೇಳಿದರೆ, "ಬಿಸಿಲೇರಿದ ಮೇಲೆ ಇದು ಗುಡ್ಡ ಹತ್ತಲ್ಲ, ಇಂಜಿನ್ ಕಾಯುತ್ತೆ," ಎನ್ನುತ್ತಾನೆ ವಿತೊಮಿರ್. ಚಳಿಗಾಲದಲ್ಲಿ ತಪ್ಪೆಲ್ಲ ಮಂಜಿನದು.

ಇವತ್ತು ಸಂತ ಜಾರ್ಜರ ದಿನ, ಐವರಲ್ಲೊಬ್ಬಳಾದ ದೆಸಾಂಕಾ ಅಜ್ಜಿಯ ಮನೆತನದ ಹಬ್ಬ. ಈ ಹಬ್ಬದಲ್ಲಿ ಮನೆಯ ಹಿರಿಯರು ಕೂರುವಂತಿಲ್ಲ; ನೆಂಟರು ಉಣ್ಣುವಾಗ ನಿಂತೇ ಬಡಿಸಬೇಕು. ಗಂಡ ಹೋದ ಮೇಲೆ ಆ ಜಾಗ ಅವಳದು. "ಹೋದ್ಸಲ ಅಡುಗೆಮನೇಲಿ ಒಂದು ನಿಮಿಷ ಕೂತೆ, ಹಾಗೇ ನಿದ್ದೆ ಹತ್ತಿತು. ಎದ್ದಾಗ ನೆಂಟರೆಲ್ಲ ಉಂಡು ಹೋಗಿದ್ರು. ಯಾರೂ ಏನೂ ಅನ್ನಲಿಲ್ಲ, ಅದೇ ಚುಚ್ಚಿತು."

ಹನ್ನೊಂದೂ ಮುಕ್ಕಾಲು. ಚಿಕಿತ್ಸೆ ಮುಗಿದು ಐವರೂ ಗಾಡಿ ಹತ್ತಿದ್ದಾರೆ. ಮೈ ಸೋತರೂ ಅಜ್ಜಿಯ ಬಾಯಿ ಸೋತಿಲ್ಲ.

"ವಿತೊ, ಇವತ್ತು ಗುಡ್ಡದ ದಾರೀಲಿ ಬಿಡೋ. ಪಾದ್ರಿ ಹನ್ನೆರಡೂವರೆಗೆ ಬರ್ತಾರೆ."

"ಹತ್ತಲ್ಲ ಅಜ್ಜಿ."

"ಎರಡು ಕಿಡ್ನಿ ಕೆಟ್ಟ ನಾನೇ ಮೆಟ್ಟಿಲು ಹತ್ತುತ್ತೀನಿ, ನಿನ್ನ ಕತ್ತೆಗೇನೋ ರೋಗ?"

"ಅದಕ್ಕೂ ಡಯಾಲಿಸಿಸ್ ಮಾಡಿಸಪ್ಪಾ," ಹಿಂದಿನಿಂದ ಮೇಷ್ಟ್ರು, "ನನ್ನ ಪಕ್ಕದ ಮಂಚ ಖಾಲಿ ಇದೆ!"

ನಗು ಮುಗಿಯುವಷ್ಟರಲ್ಲಿ ಐವರೂ ನಿದ್ದೆ. ವಿತೊಮಿರ್ ರೇಡಿಯೋ ನಿಲ್ಲಿಸಿ ನದಿಯತ್ತ ತಿರುಗುತ್ತಾನೆ. ಗಡಿಯಾರ ನೋಡಿಕೊಳ್ಳುತ್ತಾನೆ, ವೇಗ ಹೆಚ್ಚಿಸುವುದಿಲ್ಲ.

ಹನ್ನೆರಡೂ ಮುಕ್ಕಾಲಿಗೆ ಅಜ್ಜಿಯ ಮನೆ ತಲುಪಿದಾಗ ಪಾದ್ರಿಯ ಒಂದು ಕಾಲು ಗೇಟಿನ ಹೊರಗಿದೆ. "ಇನ್ನೂ ಆರು ಮನೆ ಇದೆ, ದೆಸಾಂಕಾ!"

"ಆರು ಮನೇಲೂ ನನ್ನಂಥ ರೊಟ್ಟಿ ಸಿಗಲ್ಲ, ಒಳಗೆ ಬನ್ನಿ." ವಿತೊಮಿರ್ ಚಾಚಿದ ಕೈಯನ್ನು ತಳ್ಳಿ ಅಜ್ಜಿ ತಾನೇ ಇಳಿಯುತ್ತಾಳೆ. ಪಾದ್ರಿಯೊಡನೆ ಹಬ್ಬದ ರೊಟ್ಟಿಯನ್ನು ತಿರುಗಿಸಿ ಮುರಿಯುತ್ತಾಳೆ.

ಉಳಿದವರನ್ನು ಮನೆ ಸೇರಿಸಿ ವಿತೊಮಿರ್ ಅಜ್ಜಿಯ ಮನೆಗೆ ಮತ್ತೆ ಬಂದಾಗ ಎರಡು ಗಂಟೆ. ಹದಿನೇಳು ನೆಂಟರು. ಅಜ್ಜಿ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಾಳೆ, ಕೆನ್ನೆ ಕೆಂಪಾಗಿದೆ.

"ಕೂತ್ಕೊಳ್ಳೋ, ತಿನ್ನು. ಇವತ್ತು ನಿಂತಿರೋಳು ನಾನು!"

ಅವನು ಕೂರುತ್ತಾನೆ. ನಿನಗೇನಾದರೂ ಬೇಕೇ ಎಂದು ಅಜ್ಜಿ ಕೇಳಿದರೆ, "ಗಾಡಿ ಸೀಟು ಹಿಂದಕ್ಕೆ ಬಾಗೋ ಹಾಗಿದ್ರೆ ಚೆನ್ನಾಗಿತ್ತು" ಎನ್ನುತ್ತಾನೆ, ಅಷ್ಟೇ.

ಗಾಡಿಯನ್ನು ಆಸ್ಪತ್ರೆಗೆ ಒಪ್ಪಿಸಲು ಅವನು ಒಬ್ಬನೇ ಹೊರಡುತ್ತಾನೆ. ಮೂರರ ಬಿಸಿಲಿನಲ್ಲಿ ಅದು ಒಮ್ಮೆಯೂ ಕೆಮ್ಮದೆ ಗುಡ್ಡ ಹತ್ತುತ್ತದೆ. ಗಾಡಿಗೆ ಯಾವ ರೋಗವೂ ಇಲ್ಲವೆಂದು ಅವನು ಆ ಐವರಿಗೆ ಯಾವತ್ತೂ ಹೇಳಿಲ್ಲ.