ಮಗಳು ಆಡಿದ ಹಳೇ ಇಂಗ್ಲಿಷ್ ಮಾತು

ಪೀತಮ್‌ಪುರದಿಂದ ನಾದಿನಿ ಫೋನ್ ಮಾಡಿದಾಗ ನಾನು ದಿಲ್ಲಿಯ ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸಿನಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹಿಂದಿನ ದಿನ ಮಗಳು ಅವಳ ಮನೆಯಲ್ಲೇ ಉಳಿದು, ಅಲ್ಲಿಂದಲೇ ಕೆಲಸಕ್ಕೆ ಹೋಗಿದ್ದಳು.

“ಅತ್ತಿಗೆ, ಗಾಬರಿ ಆಗ್ಬೇಡಿ, ಒಂದು ವಿಷಯ ಹೇಳ್ಬೇಕು,” ಅಂದಳು. ಹಾಗಂದ ಮೇಲೆ ಗಾಬರಿಯಾಗದೆ ಇರುತ್ತದೆಯೇ? ಒಲೆ ಆರಿಸಿದೆ.

“ನಿಮ್ಮ ಮಗಳು ಯಾರನ್ನೋ ಇಷ್ಟಪಟ್ಟಿದ್ದಾಳೆ. ಬಾಲ್ಕನಿಯಲ್ಲಿ ನಿಂತು ಗೆಳತಿ ಹತ್ರ ಇಂಗ್ಲಿಷಲ್ಲಿ ಮಾತಾಡ್ತಿದ್ಲು. ಇಷ್ಟಪಡ್ಲಿ, ತಪ್ಪಲ್ಲ. ಆದ್ರೆ ಅವನು ಹಸ್ಬೆಂಡ್ ಅಂತೆ!”

“ಯಾರ ಹಸ್ಬೆಂಡು?”

“ಅದೇ ಗೊತ್ತಾಗ್ಲಿಲ್ಲ. ‘ಹಸ್ಬೆಂಡ್‌ಮನ್’ ಅಂದಿದ್ದನ್ನ ಕಿವಿಯಾರೆ ಕೇಳಿದೆ. ಮದುವೆಯಾದ ಗಂಡಸಿಗೆ ಈಗಿನವರು ಹಾಗಂತಾರೇನೋ. ಅಪ್ಪ ಅಮ್ಮನಿಗೆ ಹೇಗೆ ಹೇಳೋದು ಅಂತ ಬೇರೆ ಒದ್ದಾಡ್ತಿದ್ಲು.”

ಆ ವಾರ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಇವರಿಗೆ ಹೇಳಲಿಲ್ಲ. ಹೇಳಿದರೆ ರಕ್ತದೊತ್ತಡ ಏರುತ್ತದೆಂಬ ಭಯ. ತರಕಾರಿ ಭಯ್ಯಾ ಕೂಗಿದರೂ ಕೇಳಿಸುತ್ತಿರಲಿಲ್ಲ. ಮೆಟ್ರೋದಲ್ಲಿ ಮಗು ಎತ್ತಿಕೊಂಡ ಹೆಂಗಸನ್ನು ಕಂಡರೆ, ಇವಳೇ ಆ ಹೆಂಡತಿಯಾಗಿದ್ದರೆ ಅನ್ನಿಸಿ ಮುಖ ತಿರುಗಿಸುತ್ತಿದ್ದೆ. ಮಗಳಿಗೆ ಫೋನ್ ಮಾಡಿದರೂ ಅಡುಗೆ, ಹವೆ ಎಂದು ಏನೇನೋ ಕೇಳಿ ಇಟ್ಟುಬಿಡುತ್ತಿದ್ದೆ. ಅವಳು ಶಾಲಾ ಪುಸ್ತಕಗಳನ್ನು ತಿದ್ದುವ ಕೆಲಸದಲ್ಲಿದ್ದಾಳೆ. ಹೌಜ್ ಖಾಸ್ ಹತ್ತಿರ ಗೆಳತಿಯರ ಜೊತೆ ಮನೆ ಮಾಡಿಕೊಂಡಿದ್ದಾಳೆ. ಅವಳನ್ನು ಬೇರೆ ಇರಲು ಬಿಟ್ಟಿದ್ದೇ ತಪ್ಪಾಯಿತೇನೋ ಎಂದು ಕೂಡ ಯೋಚಿಸಿದೆ.

ಶನಿವಾರ ಅವಳು ಬಂದಳು. ಕೈಯಲ್ಲಿ ದೊಡ್ಡ ಚೀಲದ ತುಂಬ ಹಸಿ ಬಟಾಣಿ. ಬಿಸಿಲಿಗೆ ಕೂತು ಇಬ್ಬರೂ ಸುಲಿಯತೊಡಗಿದೆವು. ಇನ್ನು ತಡೆಯಲಾಗಲಿಲ್ಲ.

“ಅವನಿಗೆ ಮದುವೆಯಾಗಿದೆಯಂತಲ್ಲ?”

ಅವಳ ಕೈಯಿಂದ ಬಟಾಣಿ ಜಾರಿತು. “ಕ್ಯಾ? ಯಾರು ಹೇಳಿದ್ದು?”

“ನಿಮ್ಮತ್ತೆ ಕೇಳಿಸ್ಕೊಂಡ್ರಂತೆ. ಹಸ್ಬೆಂಡ್‌ಮನ್ ಅಂದ್ಯಂತೆ.”

ಅವಳು ನಗತೊಡಗಿದವಳು ನಿಲ್ಲಿಸಲೇ ಇಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅದು ಬರೀ ನಗುವಿನ ನೀರಲ್ಲ ಎಂದು ನನಗೆ ಆಮೇಲೆ ತಿಳಿಯಿತು.

“ಅಮ್ಮ, ಹಸ್ಬೆಂಡ್‌ಮನ್ ಅಂದ್ರೆ ಗಂಡ ಅಲ್ಲ. ರೈತ! ಹಳೇ ಇಂಗ್ಲಿಷ್. ಅತ್ತೆ ಹಿಂದೇನೇ ಬಟ್ಟೆ ಒಣಗಿಸ್ತಿದ್ರು. ಫಾರ್ಮರ್ ಅಂದ್ರೂ ಕಿಸಾನ್ ಅಂದ್ರೂ ಅವರಿಗೆ ತಿಳಿಯುತ್ತೆ. ಅದಕ್ಕೇ ಯಾರೂ ಬಳಸದ ಪದ ಹುಡುಕಿ ಹೇಳಿದೆ.”

“ಸುಳ್ಳು ಹೇಳ್ಬೇಡ.”

“ದೇವರಾಣೆ. ಮೊದಲು ಹಸ್ಬೆಂಡ್ ಅಂದ್ರೇನೇ ಮನೆ ಯಜಮಾನ ಅಂತ. ಹೆಂಡತಿಗೆ ಗಂಡ ಅನ್ನೋ ಅರ್ಥ ಆಮೇಲೆ ಬಂದಿದ್ದು. ಹಳೇ ಕಾಗದಪತ್ರಗಳಲ್ಲಿ ಹೆಸರಿನ ಪಕ್ಕ ಹಸ್ಬೆಂಡ್‌ಮನ್ ಅಂತ ಬರೀತಿದ್ರು, ಸ್ವಲ್ಪ ಜಮೀನು ಇಟ್ಕೊಂಡು ದುಡಿಯೋ ಸಣ್ಣ ರೈತನಿಗೆ.”

ನನ್ನ ಮೈಯೆಲ್ಲ ಹಗುರಾಯಿತು. ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಅಷ್ಟರಲ್ಲಿ ವಾಕಿಂಗ್ ಮುಗಿಸಿ ಬಂದ ಇವರು ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡಿದ್ದರು.

“ನಾನು ಇಷ್ಟು ವರ್ಷ ಅನಿಮಲ್ ಹಸ್ಬೆಂಡ್ರಿ ಫೈಲು ನೋಡ್ತಿದ್ದೀನಲ್ಲ,” ಅಂದರು ನನಗೆ, “ಎಮ್ಮೆಗಳಿಗೆ ಗಂಡು ಹುಡುಕೋ ಇಲಾಖೆ ಅಂತ ತಿಳ್ಕೊಂಡಿದ್ಯಾ?”

ನಗು ಅಡಗಿದ ಮೇಲೆ ಮಗಳು ಹೆದರುತ್ತಲೇ ಉಳಿದದ್ದನ್ನು ಹೇಳಿದಳು. ಹುಡುಗ ಹರಿಯಾಣದವನು. ನಜಫ್‌ಗಢದ ಆಚೆ ಮನೆತನದ ಜಮೀನಿದೆ, ಎಮ್ಮೆಗಳಿವೆ. ಭಾನುವಾರದ ಸಂತೆಯಲ್ಲಿ ತಾನೇ ತರಕಾರಿ ಮಾರಲು ಬರುತ್ತಾನೆ. ಅಲ್ಲೇ ಪರಿಚಯ. ಅಪ್ಪನಿಗೆ ಆಫೀಸರ್ ಅಳಿಯನೇ ಬೇಕೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಬಾಯಿ ಬಿಟ್ಟಿರಲಿಲ್ಲ.

ಇವರು ನಮ್ಮ ಪಕ್ಕ ಬಂದು ಕೂತರು. ನಿಜ ಹೇಳಬೇಕೆಂದರೆ, ಇದೇ ಮಾತು ಹದಿನೈದು ದಿನ ಮೊದಲು ಬಂದಿದ್ದರೆ ನಾನೇ ಭಾಷೆ, ಜಾತಿ, ಊಟ ಎಂದು ನೂರು ತಕರಾರು ತೆಗೆಯುತ್ತಿದ್ದೆ. ಆದರೆ ಆ ವಾರ ಅನುಭವಿಸಿದ ಮೇಲೆ ನನ್ನಲ್ಲಿ ತಕರಾರೇ ಉಳಿದಿರಲಿಲ್ಲ.

“ರೀ, ನನ್ನ ತವರು ಧಾರವಾಡದ ಕಡೆ ಬೇಸಾಯಕ್ಕೆ ಒಕ್ಕಲುತನ ಅಂತಾರಲ್ಲ,” ಅಂದೆ. “ಒಕ್ಕಲು ಅಂದ್ರೆ ಮನೆ, ಸಂಸಾರ. ಅವರ ಇಂಗ್ಲಿಷಲ್ಲೂ ಅದೇ ಇದೆ ನೋಡಿ. ಮನೆ ಮಾಡ್ಕೊಂಡು ನಿಂತವನೇ ಹೊಲ ಉಳೋನು.”

ಇವರು ಬಟಾಣಿ ಒಂದನ್ನು ಬಾಯಿಗೆ ಹಾಕಿಕೊಂಡು, “ಇದು ಅವನು ಬೆಳೆದಿದ್ದಾ?” ಎಂದು ಕೇಳಿದರು. ಮಗಳು ತಲೆಯಾಡಿಸಿದಳು. “ಸಿಹಿಯಾಗಿದೆ,” ಅಂದರು. “ಚಲೋ, ಹೋಗಿ ನೋಡಿಕೊಂಡು ಬರೋಣ.”

ಮುಂದಿನ ಶನಿವಾರವೇ ಹೋದೆವು. ರಸ್ತೆಯ ಎರಡೂ ಕಡೆ ಸಾಸಿವೆ ಹಳದಿಯಾಗಿ ನಿಂತಿತ್ತು. ಹೂಕೋಸಿನ ಮಡಿಯಿಂದ ಎದ್ದು ಬಂದ ಹುಡುಗ ಕೊಳವೆಯ ನೀರಿನಲ್ಲಿ ಕೈ ತೊಳೆದು, ನಮಸ್ಕಾರ ಮಾಡಿ, ಬಾಯಿಪಾಠ ಮಾಡಿಕೊಂಡಿದ್ದ ಒಂದೇ ಕನ್ನಡ ವಾಕ್ಯ ಹೇಳಿದ: “ಊಟ ಆಯ್ತಾ?” ಬೆಳಗಿನ ಚಹಾದ ಹೊತ್ತು ಅದು. ಇವರು ಗಂಭೀರವಾಗಿ, “ಇನ್ನೂ ಇಲ್ಲ,” ಅಂದರು. ಉತ್ತರ ಅರ್ಥವಾಗದೆ ಅವನು ಮಗಳ ಮುಖ ನೋಡಿದ.

ಅವನ ತಾಯಿ ನನ್ನ ಕೈ ಹಿಡಿದುಕೊಂಡೇ ಒಳಗೆ ಕರೆದೊಯ್ದರು. ತಮ್ಮ ಮಗ ದಿಲ್ಲಿಯ ಪಟ್ಟಣದ ಹುಡುಗಿಯನ್ನು ಆರಿಸಿಕೊಂಡಿದ್ದಾನೆಂದು ಆಕೆಯೂ ದಿಗಿಲುಪಟ್ಟಿದ್ದರಂತೆ. “ಹುಡುಗಿ ಸಂತೆಯಲ್ಲಿ ನನ್ನ ಮಗನ ಪಕ್ಕ ಕೂತು ಮೂಲಂಗಿ ಮಾರಿದಳಂತೆ, ಆಮೇಲೆ ಸಮಾಧಾನವಾಯಿತು,” ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ನನಗೆ ಈ ಮೂಲಂಗಿ ಸುದ್ದಿ ಹೊಸದು.

ಗೋಧಿ ಕೊಯ್ಲಾದ ಮೇಲೆ ಮದುವೆ ಎಂದು ಮಾತಾಯಿತು. ವಾಪಸು ಬರುವಾಗ ಮೆಟ್ರೋದಲ್ಲಿ ಸೀಟು ಸಿಕ್ಕಿತು. ಎಷ್ಟೋ ದಿನದ ನಿದ್ದೆ ಒಮ್ಮೆಲೇ ಬಂದು, ಇವರ ಹೆಗಲಿಗೆ ತಲೆಯಿಟ್ಟವಳು ನಮ್ಮ ಸ್ಟೇಷನ್ ದಾಟಿದರೂ ಏಳಲಿಲ್ಲ. ಇವರೂ ಎಬ್ಬಿಸಲಿಲ್ಲ.